ಹಳದಿ ಕರೆ

14 ನವೆಂಬರ್ 2024, ಗುರುವಾರ
ಪಾರ್ಟಿಕ್, ಗ್ಲಾಸ್ಗೋ

ಕೆಳಗಿನ ಮನೆಯ ಅಜ್ಜಿಗೆ ಬೇಳೆ ಸಾರು ಕೊಟ್ಟು ಬರುತ್ತೇನೆಂದು ಹೋದವಳು ಒಂದೂವರೆ ಗಂಟೆ ಅಲ್ಲೇ ಕುಳಿತುಬಿಟ್ಟೆ. ಬಂದ ಮೇಲೆ ಊಟ ಸೇರಲಿಲ್ಲ.

ಅಜ್ಜಿ ಬಿಬಿಸಿ ಸ್ಕಾಟ್ಲೆಂಡ್‌ನ 'ಪ್ಯಾರಾಮೆಡಿಕ್ಸ್ ಆನ್ ಸೀನ್' ಎಂಬ, ಆಂಬುಲೆನ್ಸ್ ಸಿಬ್ಬಂದಿಯ ಕೆಲಸ ತೋರಿಸುವ ಕಾರ್ಯಕ್ರಮ ನೋಡುತ್ತಿದ್ದರು, ಯಾವುದೋ ಹಳೆಯ ಕಂತು. ನಮ್ಮ ಮನೆಯಲ್ಲೂ ಅದನ್ನು ನೋಡುತ್ತೇವೆ. ನಮ್ಮ ಯಜಮಾನರಿಗೆ ಅದರಲ್ಲಿ ನೇರಳೆ ಕರೆಗಳದ್ದೇ ಧ್ಯಾನ. ಇಲ್ಲಿಯ ಆಂಬುಲೆನ್ಸ್ ಸೇವೆ 2016ರಿಂದ ಕರೆಗಳಿಗೆ ಬಣ್ಣ ಕೊಡುತ್ತದೆ: ಹೃದಯ ನಿಂತಿದೆ ಅಥವಾ ನಿಲ್ಲಬಹುದು ಎಂದರೆ ನೇರಳೆ, ಆಮೇಲೆ ಕೆಂಪು, ಅಂಬರ್ ಎಂಬ ಕಿತ್ತಳೆ, ಅವಕ್ಕಿಂತ ಕೆಳಗೆ ಹಳದಿ. ಹೃದಯ ನಿಂತ ಮೇಲೆ ಎದೆ ಒತ್ತುವವರೂ ಇಲ್ಲ, ಶಾಕ್ ಕೊಡುವವರೂ ಇಲ್ಲ ಎಂದಾದರೆ ಬದುಕುವ ಸಾಧ್ಯತೆ ನಿಮಿಷಕ್ಕೆ ಸುಮಾರು 10 ಶೇಕಡಾದಂತೆ ಇಳಿಯುತ್ತದೆ. ಅದನ್ನು ಕೇಳಿದ ರಾತ್ರಿಯೇ ಇವರು ನಮ್ಮ ಬೀದಿಗೆ ಹತ್ತಿರದ ಡಿಫಿಬ್ರಿಲೇಟರ್, ಅಂದರೆ ಆ ಶಾಕ್ ಕೊಡುವ ಯಂತ್ರ, ಎಲ್ಲಿದೆ ಎಂದು ಹುಡುಕಿಕೊಂಡು ಹೋಗಿ ನೋಡಿ ಬಂದರು.

ಅಮ್ಮ ಬೇಸಿಗೆಯಲ್ಲಿ ಇಲ್ಲಿಗೆ ಬಂದಿದ್ದಾಗ ಆ ಕಾರ್ಯಕ್ರಮದಲ್ಲಿ ನೋಡಿದ್ದು ಬೇರೆಯೇ. ಗ್ಲಾಸ್ಗೋ ಇಂಗ್ಲಿಷ್ ಅವಳಿಗೆ ಒಂದಕ್ಷರ ತಿಳಿಯದು. "ಮೊದಲು ನೆಲದ ಮೇಲೆ ಮಂಡಿಯೂರಿ ಕುಳಿತುಕೊಳ್ಳುತ್ತಾರೆ ನೋಡು, ಆಮೇಲೆ ಮಾತನಾಡಿಸುತ್ತಾರೆ" ಎಂದಿದ್ದಳು. ನನಗೆ ಅದು ಅಲ್ಲಿಯವರೆಗೆ ಕಂಡೇ ಇರಲಿಲ್ಲ.

ಇವತ್ತು ಮಧ್ಯಾಹ್ನ ಕಚೇರಿಯಲ್ಲೂ ಇದೇ ಮಾತು ಬಂದಿತ್ತು. ಆಸ್ಪತ್ರೆಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಲ್ಲುತ್ತವೆ, 2021ರಲ್ಲಂತೂ ಓಡಿಸಲು ಸೈನಿಕರನ್ನೇ ಕರೆಸಬೇಕಾಯಿತು, ಅಂಥದ್ದರಲ್ಲಿ ಏನೂ ಆಗದವರು ಇಲ್ಲಿಯ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡುತ್ತಾರಲ್ಲ ಎಂದು ಒಬ್ಬರು ಸಿಟ್ಟಾದರು. ಅವರ ತಂದೆ ಕಳೆದ ಚಳಿಗಾಲದಲ್ಲಿ ಗಂಟೆಗಟ್ಟಲೆ ಕಾದವರು. ಸಿಟ್ಟು ಸುಳ್ಳಲ್ಲ. ನಾನೂ ಹೌದು ಹೌದು ಎಂದೆ.

ಅದನ್ನೇ ಸಂಜೆ ಅಜ್ಜಿಯ ಮುಂದೆ ಹೇಳಿಬಿಟ್ಟೆ. ಅವರು ಟಿವಿಯ ಧ್ವನಿ ತಗ್ಗಿಸಿದರು.

"ನಾನು ಅಂಥವಳೇ, ಹೆನ್" ಎಂದರು. ಈ ಊರಿನವರು ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಹಾಗೆ ಕರೆಯುತ್ತಾರೆ. ಮೊದಲ ಸಲ ಕೇಳಿದಾಗ ನನಗೆ ನಮ್ಮ ಕಡೆಯ 'ಮಗಳೇ' ನೆನಪಾಗಿತ್ತು.

ಫೆಬ್ರವರಿಯಲ್ಲಂತೆ. ರಾತ್ರಿ ನೀರು ಕುಡಿಯಲು ಎದ್ದು ಅಡುಗೆಮನೆಯಲ್ಲಿ ಕಾಲು ಜಾರಿ ಕುಸಿದರು. ಮೂಳೆ ಮುರಿಯಲಿಲ್ಲ, ರಕ್ತ ಬರಲಿಲ್ಲ, ಏಳಲು ಮಾತ್ರ ಆಗಲಿಲ್ಲ. ಫೋನು ಗೌನಿನ ಜೇಬಿನಲ್ಲಿತ್ತು. ಕರೆ ತೆಗೆದುಕೊಂಡವರು ಸಮಾಧಾನದಿಂದ ಎಲ್ಲ ಕೇಳಿ, ತಡವಾಗಬಹುದು, ನೋವು ಹೆಚ್ಚಾದರೆ ಮತ್ತೆ ಕರೆ ಮಾಡಿ ಎಂದರು. "ನಾನು ಹಳದಿ ಇರಬೇಕು. ನೇರಳೆಯವರು ಮೊದಲು ಹೋಗಲಿ ಎಂದುಕೊಂಡು ಮಲಗಿದ್ದೆ." ಮೇಜಿನ ಬಟ್ಟೆ ಎಳೆದು ಹೊದ್ದುಕೊಂಡಿದ್ದರಂತೆ. ಮೂರು ಗಂಟೆಯ ಮೇಲೆ ಒಬ್ಬ ಹುಡುಗ, ಒಬ್ಬ ಹುಡುಗಿ ಬಂದರು. ಎಬ್ಬಿಸಿ ಕೂರಿಸಿ, ರಕ್ತದೊತ್ತಡ ನೋಡಿ, ಇಸಿಜಿ ತೆಗೆದು, ಎಲ್ಲ ಸರಿಯಿದೆ ಎಂದರು. ಹುಡುಗಿ ಕಾಗದ ಪತ್ರ ತುಂಬುತ್ತಿದ್ದಳು. ಹುಡುಗ ಕೆಟಲ್‌ಗೆ ನೀರು ಹಾಕುತ್ತಾ, ಕೊನೆಯ ಸಲ ಯಾರ ಜೊತೆ ಮಾತನಾಡಿದ್ದು ಎಂದು ಕೇಳಿದ.

"ಗುರುವಾರ ಎಂದೆ. ಆವತ್ತು ಸೋಮವಾರ."

ಆ ಇಬ್ಬರೇನಾದರೂ ಕಾಣಿಸುತ್ತಾರೋ ಎಂದು ಅಜ್ಜಿ ಪ್ರತಿ ಕಂತನ್ನೂ ನೋಡುತ್ತಾರಂತೆ. ಧನ್ಯವಾದ ಹೇಳುವುದು ಮರೆತಿದ್ದರಂತೆ. ಹೆಸರೂ ಗೊತ್ತಿಲ್ಲ.

ನನಗೆ ಬೇರೇನೋ ಲೆಕ್ಕ ಹತ್ತಿತ್ತು. ಫೆಬ್ರವರಿಯಲ್ಲಿ ನಾವು ಎಲ್ಲಿಗೂ ಹೋಗಿರಲಿಲ್ಲ. ಅವರ ಅಡುಗೆಮನೆಯ ನೇರ ಮೇಲೆ ನಮ್ಮ ಅಡುಗೆಮನೆ. "ನನ್ನನ್ನು ಯಾಕೆ ಕರೆಯಲಿಲ್ಲ?" ಎಂದೆ. ನನ್ನ ಧ್ವನಿ ಜೋರಾಯಿತೇನೋ, ಅವರು ನನ್ನ ಕೈ ಹಿಡಿದುಕೊಂಡರು. "ಬೆಳಿಗ್ಗೆ ನಿನಗೆ ಕೆಲಸವಿರುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಹೇಗೆ ಎಬ್ಬಿಸುವುದು?"

999ಕ್ಕೆ ಕರೆ ಮಾಡಲು ಅವರಿಗೆ ಸಂಕೋಚವಾಗಲಿಲ್ಲ. ಹದಿನೆಂಟು ಮೆಟ್ಟಿಲು ಮೇಲಿದ್ದ ನನಗೆ ಕರೆ ಮಾಡಲು ಸಂಕೋಚವಾಯಿತು. ಆಗಿನ್ನೂ ನಾನು ಮೆಟ್ಟಿಲಲ್ಲಿ ಸಿಕ್ಕಾಗ ಹವಾಮಾನದ ಮಾತಾಡಿ ಓಡುತ್ತಿದ್ದೆ. ಅವರು ಎಣಿಸಿದ ಆ ನಾಲ್ಕು ದಿನಗಳಲ್ಲಿ ಎಷ್ಟು ಸಲ ಅವರ ಬಾಗಿಲು ದಾಟಿ ಹೋಗಿರಬಹುದು? ಇವರ ಡಿಫಿಬ್ರಿಲೇಟರ್ ಎಲ್ಲಿದೆ ಎಂದು ನಮಗೆ ಬಾಯಿಪಾಠವಾಗಿದೆ. ಅಜ್ಜಿಯ ಮನೆಯ ಬೀಗದ ಕೈ ನಮ್ಮಲ್ಲಿಲ್ಲ. ನಾಳೆ ಕೇಳಬೇಕು.

ಕಚೇರಿಯಲ್ಲಿ ಹೌದು ಹೌದು ಎಂದಿದ್ದನ್ನು ಹಿಂದಕ್ಕೆ ಪಡೆಯಬೇಕು. ಆದರೆ ತಂದೆ ಕಾದು ಕಾದು ಸೋತದ್ದನ್ನು ಕಂಡವರ ಮುಂದೆ ಏನೆಂದು ಹೇಳಲಿ?

ಈಗ ಒಂಬತ್ತು ಗಂಟೆ. ಅಮ್ಮನ ಊರು ಸಾಗರದಲ್ಲಿ ರಾತ್ರಿ ಎರಡೂವರೆ. ಅಮ್ಮನ ಮೊಬೈಲ್‌ನಲ್ಲಿ 108 ಹಾಕಿಕೊಟ್ಟಿದ್ದೇನೆ, ಪಕ್ಕದ ಮನೆಯವರ ನಂಬರ್ ಕೂಡ. ಅವಳು ಆ ಮನೆಯವರನ್ನು ಹೊತ್ತಲ್ಲದ ಹೊತ್ತಿನಲ್ಲಿ ಎಬ್ಬಿಸುತ್ತಾಳೆಯೇ? ಈಗಲೇ ಕೇಳಬೇಕೆನಿಸುತ್ತಿದೆ, ಆದರೆ ಈ ಹೊತ್ತಿನಲ್ಲಿ ಫೋನು ಮಾಡಿದರೆ ಅವಳು ಗಾಬರಿಯಾಗಿಬಿಡುತ್ತಾಳೆ.