ಸರ್ಕಾರ ತಂತ್ರಜ್ಞಾನ ಆರಿಸೋದು ಬರೀ ರೇಟ್ ನೋಡಿಯಾ?

ನಾನು ಕಂಪ್ಯೂಟರ್ ಕೆಲಸದಲ್ಲಿದ್ದೇನೆ ಅಂತ ಗೊತ್ತಾದರೆ ಸಾಕು, ಚಿಕ್ಕಮಗಳೂರಿನ ಮದುವೆ ಮನೆಗಳಲ್ಲೂ ಈ ಪ್ರಶ್ನೆ ಬರುತ್ತದೆ. ‘ಆಧಾರ್, ಯುಪಿಐ ಥರದ್ದಕ್ಕೆ ಇಂಥದ್ದೇ ತಂತ್ರಜ್ಞಾನ ಅಂತ ಸರ್ಕಾರ ಹೇಗೆ ತೀರ್ಮಾನ ಮಾಡುತ್ತೆ? ಟೆಂಡರ್‌ನಲ್ಲಿ ಕಡಿಮೆ ರೇಟ್ ಹಾಕಿದವರಿಗೆ ಕೊಟ್ಟುಬಿಡೋದು, ಅಷ್ಟೇ ಅಲ್ವಾ?’

ಅಷ್ಟೇ ಅಲ್ಲ. ರೇಟಿಗಿಂತ ಮೊದಲು ನೋಡಬೇಕಾದದ್ದು, ನಾಳೆ ಈ ಕಂಪನಿ ಕೈಕೊಟ್ಟರೆ ಏನು ಗತಿ ಅಂತ. ಆಧಾರ್ ಮಾಡುವಾಗ ಇದನ್ನು ಚೆನ್ನಾಗಿ ಯೋಚಿಸಿದ್ದರು. ಒಬ್ಬರಿಗೇ ಎರಡು ನಂಬರ್ ಹೋಗಬಾರದು ಅಂದರೆ ಹೊಸಬರ ಗುರುತನ್ನು ಈಗಾಗಲೇ ಇರುವ ಎಲ್ಲರ ಜೊತೆ ಹೋಲಿಸಿ ನೋಡಬೇಕು. ಶುರುವಿನಲ್ಲಿ ಈ ಕೆಲಸವನ್ನು ಒಂದೇ ಕಂಪನಿಗೆ ಕೊಡದೆ ಮೂರಕ್ಕೆ ಹಂಚಿದರು. ಯಾರು ಬೇಗ, ತಪ್ಪಿಲ್ಲದೆ ಮಾಡುತ್ತಾರೋ ಅವರಿಗೆ ಜಾಸ್ತಿ ಕೆಲಸ. ಒಬ್ಬರು ಬಿಟ್ಟುಹೋದರೂ ಕೆಲಸ ನಿಲ್ಲುವುದಿಲ್ಲ. 2016ರಲ್ಲಿ ಬಂದ ಯುಪಿಐ ಕೂಡ ಹೀಗೇ. ಆ್ಯಪ್ ಬೇರೆ ಬೇರೆ, ನಿಯಮ ಒಂದೇ. ಫೋನ್‌ಪೇ ಬೇಡ ಅನ್ನಿಸಿದರೆ ಗೂಗಲ್ ಪೇ ಹಾಕಿಕೊಳ್ಳಿ, ಬ್ಯಾಂಕ್ ಬದಲಿಸಬೇಕಿಲ್ಲ.

ಆಧಾರ್ ಮಾಡಿದವರಿಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಮೈಮುರಿದು ದುಡಿಯುವವರ ಬೆರಳಿನ ಗೆರೆ ಸವೆದಿರುತ್ತದೆ. ಅದಕ್ಕೇ ಹತ್ತು ಬೆರಳಿನ ಜೊತೆ ಎರಡೂ ಕಣ್ಣಿನ ಪಾಪೆಯ ಗುರುತನ್ನೂ ತೆಗೆದುಕೊಂಡರು.

ಈಗ ಮೂಡಿಗೆರೆ ಕಡೆಯ ಒಂದು ರೇಷನ್ ಅಂಗಡಿಗೆ ಬನ್ನಿ. ಜನವರಿ ತಿಂಗಳು, ಕಾಫಿ ಕುಯ್ಲು ಜೋರಾಗಿತ್ತು. ನನ್ನ ಮುಂದೆ ನಿಂತಿದ್ದ ಅಮ್ಮ ತಂಬ್ ಕೊಟ್ಟರು. ತಗೊಳ್ಳಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಕೊಟ್ಟರು. ಬೆರಳ ತುದಿಯೆಲ್ಲ ಹಣ್ಣಿನ ಅಂಟಿಗೆ ಕಪ್ಪಾಗಿ ಒಡೆದುಹೋಗಿತ್ತು. ಹತ್ತೂ ಬೆರಳು ಇಟ್ಟು ನೋಡಿದ್ದಾಯಿತು. ಕಣ್ಣು ನೋಡುವ ಮಿಷನ್ ಅಲ್ಲಿರಲಿಲ್ಲ. ಓಟಿಪಿ ಬರುವ ಫೋನು ಮಗನ ಹತ್ತಿರ, ಮಗ ಬೆಂಗಳೂರಿನಲ್ಲಿ. ‘ನಾಳೆ ಬರ್ತೀನಿ ಬಿಡಿ’ ಅಂತ ಚೀಲ ಮಡಚಿಕೊಂಡು ಹೊರಟರು. ಅವತ್ತಿನ ಅರ್ಧ ದಿನದ ಕೂಲಿಯೂ ಹೋಯಿತು.

ನನಗೆ ಸಿಟ್ಟು ಬರುವುದು ಇಲ್ಲೇ. ಕಣ್ಣಿನ ಗುರುತೂ ಇರಲಿ ಅಂತ ದೆಹಲಿಯಲ್ಲಿ ಆರಿಸಿದ್ದು ಸರಿಯೇ. ಆದರೆ ಅದನ್ನು ಓದುವ ಮಿಷನ್ ಆ ಅಂಗಡಿಗೆ ಬರದಿದ್ದರೆ, ಆ ಅಮ್ಮನ ಪಾಲಿಗೆ ಆರಿಸಿಯೇ ಇಲ್ಲ. ಬೆರಳಿನ ಮಿಷನ್ನೇ ಕೊಳ್ಳುವುದಾದರೆ, ಟೆಂಡರ್ ಮುಗಿಸುವ ಮುಂಚೆ ಅದನ್ನು ಕುಯ್ಲಿನ ದಿನಗಳಲ್ಲಿ ಒಂದು ತೋಟಕ್ಕೆ ತರಲಿ. ಸಂಜೆ ಹಣ್ಣು ತೂಗಿಸಲು ಸಾಲು ನಿಂತ ಹೆಂಗಸರ ಹತ್ತಿರ ತಂಬ್ ತಗೊಂಡು ನೋಡಲಿ. ಅವರು ಕೈ ತೊಳೆಯುವ ಮುಂಚೆಯೇ.