ಕೋಣೆಗಿಂತ ಮೊದಲು ಬಚ್ಚಲು ನೋಡಿ

2020ರ ಮಾರ್ಚ್‌ನಲ್ಲಿ ಕೋವಿಡ್ ಹರಡದಂತೆ ಮನೆಯಲ್ಲೇ ಇರಿ ಎಂಬ ಆದೇಶ ಬಂದಾಗ ಕೇರಳದ ಕಾಸರಗೋಡಿನ ಉತ್ತರದ ಪಂಚಾಯತುಗಳಲ್ಲಿ ಆಶಾ ಕಾರ್ಯಕರ್ತೆಯರು ಮತ್ತು ವಾರ್ಡಿನ ಜಾಗ್ರತಾ ಸಮಿತಿಯವರು ಮನೆಮನೆಗೆ ಹೋಗಿ ಕೇಳಿದ ಮೊದಲ ಪ್ರಶ್ನೆ, ಕ್ವಾರಂಟೈನ್‌ನಲ್ಲಿರುವವರಿಗೆ ಬೇರೆ ಕೋಣೆ ಇದೆಯೇ ಎಂಬುದು. ಇದೆ ಎಂದರೆ ಪಟ್ಟಿಯಲ್ಲಿ ಗುರುತು ಹಾಕಿ ಮುಂದಿನ ಮನೆ. ಆ ಪ್ರಶ್ನೆ ಸಾಲದು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಕೋಣೆಗಳಿಗೆ ಬರವಿಲ್ಲ. ಬಚ್ಚಲು ಮಾತ್ರ ಒಂದೇ, ಅದೂ ಬಾವಿಯ ಪಕ್ಕದಲ್ಲಿ, ಮನೆಯಿಂದ ಹೊರಗೆ. ಕೋಣೆಯಲ್ಲಿರುವವರು ದಿನಕ್ಕೆ ನಾಲ್ಕೈದು ಸಲ ಅಡುಗೆಮನೆ ದಾಟಿ ಅಲ್ಲಿಗೆ ಹೋಗುತ್ತಿದ್ದರೆ ಬಾಗಿಲು ಮುಚ್ಚಿ ಏನು ಬಂತು?

ಆದ್ದರಿಂದ ಮೊದಲು ಬಚ್ಚಲಿನ ದಾರಿ ನೋಡಬೇಕು. ಜಗಲಿಗೆ ನೇರ ಬಾಗಿಲಿರುವ ಬದಿಯ ಕೋಣೆ ಸಣ್ಣದಾದರೂ ಒಳಗಿನ ದೊಡ್ಡ ಕೋಣೆಗಿಂತ ಒಳ್ಳೆಯದು, ಅಂಗಳದಿಂದಲೇ ಸುತ್ತಿ ಹೋಗಬಹುದು. ಬಚ್ಚಲು ಒಂದೇ ಆದರೆ ಮನೆಯವರೆಲ್ಲ ಮೊದಲು, ಕ್ವಾರಂಟೈನ್‌ನಲ್ಲಿರುವವರು ಕೊನೆಗೆ. ಅವರ ಬಕೆಟ್, ಮಗ್, ಸಾಬೂನು, ಬೈರಾಸು ಅವರ ಕೋಣೆಯಲ್ಲೇ ಇರಲಿ. ಅವರು ಹೊರಬಂದ ಮೇಲೆ ಕಿಟಕಿ ತೆರೆದು ಅರ್ಧ ಗಂಟೆ ಬಿಟ್ಟು, ಚಿಲಕ, ನಲ್ಲಿಯ ತಿರುಪು, ಸ್ವಿಚ್ ಮತ್ತು ಫ್ಲಶ್ ಒರೆಸಬೇಕು. ನೆಲಕ್ಕೆ ನೀರು ಹೊಯ್ದು ಕೈ ಮುಟ್ಟುವ ಜಾಗಗಳನ್ನು ಬಿಡುವುದೇ ಎಲ್ಲ ಕಡೆ ಕಂಡ ತಪ್ಪು.

ಒರೆಸುವ ದ್ರಾವಣದ ಲೆಕ್ಕ ಹೀಗೆ: 33 ಶೇಕಡಾ ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ 30 ಗ್ರಾಂ, ನೀರು 1 ಲೀಟರ್. ಆಗ ಸುಮಾರು 1 ಶೇಕಡಾದ ದ್ರಾವಣವಾಗುತ್ತದೆ. ಪುಡಿಯನ್ನು ಮೊದಲು ಸ್ವಲ್ಪ ನೀರಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಉಳಿದ ನೀರು ಸೇರಿಸಬೇಕು. ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಇಳಿಯುತ್ತದೆ; ಮೇಲಿನ ತಿಳಿಯಷ್ಟೇ ಬೇಕಾದದ್ದು. ಚಮಚದ ಅಳತೆ ನಂಬಬೇಡಿ. ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ 30 ಗ್ರಾಂ ತೂಗಿಸಿ, ಪ್ಲಾಸ್ಟಿಕ್ ಲೋಟಕ್ಕೆ ಹಾಕಿ, ಎಷ್ಟರವರೆಗೆ ಬಂತೆಂದು ಪೆನ್ನಿನಿಂದ ಗೆರೆ ಎಳೆದಿಡಿ. ಒರೆಸಿದ ಮೇಲೆ ಹತ್ತು ನಿಮಿಷವಾದರೂ ಒದ್ದೆಯಾಗಿಯೇ ಬಿಟ್ಟು, ಆಮೇಲೆ ಬರೀ ನೀರಿನಿಂದ ತೊಳೆಯಿರಿ.

ಕೆಡುವುದು ಎಲ್ಲಿ? ಕರಾವಳಿಯ ತೇವಕ್ಕೆ ಬಾಯಿ ತೆರೆದಿಟ್ಟ ಪ್ಯಾಕೆಟ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಗಂಟು ಕಟ್ಟಿ, ಘಾಟು ಹೋದ ಪುಡಿಯಿಂದ ಕೆಲಸವಿಲ್ಲ. ಕಲಸಿದ ದ್ರಾವಣವೂ ಅದೇ ದಿನಕ್ಕೆ ಮಾತ್ರ. ತಾಮ್ರದ ಹಂಡೆಗೆ ತಾಗಿಸಬೇಡಿ, ಲೋಹವನ್ನು ತಿನ್ನುತ್ತದೆ. ಕಕ್ಕಸು ತೊಳೆಯುವ ಆಸಿಡ್ ಜೊತೆ ಬೆರೆಸಲೇಬಾರದು. ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ, ಗಾಳಿಯಾಡದ ಸಣ್ಣ ಬಚ್ಚಲಿನಲ್ಲಿ ಪ್ರಾಣಕ್ಕೇ ಅಪಾಯ. ಮನುಷ್ಯರ ಮೈಮೇಲೆ ಸಿಂಪಡಿಸುವುದಂತೂ ಕೂಡದು. ಊಟದ ಬಟ್ಟಲಿಗೆ ಇದು ಬೇಡವೇ ಬೇಡ, ಸಾಬೂನೇ ಸಾಕು.

ಬಾವಿಗೆ ಹಾಕುವುದೂ ಇದೇ ಪುಡಿಯಾದ್ದರಿಂದ ಅಳತೆ ಅದಲುಬದಲಾಗುತ್ತದೆ. ಬಾವಿಗೆ ಸಾಮಾನ್ಯವಾಗಿ 1,000 ಲೀಟರಿಗೆ ಎರಡೂವರೆ ಗ್ರಾಂ. 3 ಮೀಟರ್ ಅಗಲ, 2 ಮೀಟರ್ ನೀರಿರುವ ದುಂಡು ಬಾವಿಯಲ್ಲಿ ಸುಮಾರು 14,000 ಲೀಟರ್ ಇರುತ್ತದೆ. ಅದಕ್ಕೆ 35 ಗ್ರಾಂ. ಅಂದರೆ ಒಂದು ಲೀಟರ್ ಒರೆಸುವ ನೀರಿಗೆ ಹಾಕಿದಷ್ಟೇ ಪುಡಿ ಹೆಚ್ಚುಕಡಿಮೆ ಇಡೀ ಬಾವಿಗೆ ಸಾಕು. ಈ ಎರಡು ಅಳತೆಗಳನ್ನು ಒಂದೇ ಚೀಟಿಯಲ್ಲಿ ಬರೆದು ಕೊಡಬೇಡಿ.

ಇನ್ನು ಮದ್ದು. ಮಂಜೇಶ್ವರದ ಕಡೆಯವರಿಗೆ ಆಸ್ಪತ್ರೆಯೆಂದರೆ ಮಂಗಳೂರು. ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ದಾಟಲಾಗದೆ ರೋಗಿಗಳು ತೀರಿಕೊಂಡರು. ಆ ನೋವು ಈ ನೆಲದಲ್ಲಿ ಇನ್ನೂ ಆರಿಲ್ಲ. ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಟ್ಟಡ 2020ರ ಏಪ್ರಿಲ್ 6ರಂದು ತೆರೆದದ್ದು ಕೋವಿಡ್ ಆಸ್ಪತ್ರೆಯಾಗಿ. ಡಯಾಲಿಸಿಸ್, ಕ್ಯಾನ್ಸರ್, ಹೃದಯದ ಕಾಯಿಲೆಯವರಿಗೆ, ಎಂಡೋಸಲ್ಫಾನ್ ಕೀಟನಾಶಕದ ಪೀಡಿತರಿಗೆ ಬೇಕಾದದ್ದು ಬೇರೆಯೇ ಇತ್ತು. ವಾರ್ಡಿನಲ್ಲಿ ಇಂಥವರ ಪಟ್ಟಿ ಗಡಿ ಮುಚ್ಚುವ ಮೊದಲೇ ಸಿದ್ಧವಿರಬೇಕಾಗಿತ್ತು, ಗಲ್ಫ್‌ನಿಂದ ಬಂದವರ ಪಟ್ಟಿಗಿಂತಲೂ ಮೊದಲು.

ಪಟ್ಟಿಯಲ್ಲಿ ಮದ್ದಿನ ಹೆಸರು ಬರೆದರೆ ಮುಗಿಯುವುದಿಲ್ಲ. ಮಾತ್ರೆ ಎಣಿಸಿ, ಮುಗಿಯುವ ತಾರೀಕು ಬರೆಯಿರಿ. ಅದಕ್ಕೆ ಹತ್ತು ದಿನ ಮೊದಲು ತರಿಸುವ ಏರ್ಪಾಡು ಆಗಬೇಕು. ಕಂಪನಿ ಇಟ್ಟ ಹೆಸರಿನ ಜೊತೆ ಸ್ಟ್ರಿಪ್ಪಿನ ಮೇಲೆ ಸಣ್ಣ ಅಕ್ಷರದಲ್ಲಿರುವ ಮೂಲ ಮದ್ದಿನ ಹೆಸರು ಮತ್ತು ಮಿಲಿಗ್ರಾಂ ಬೇಕೇ ಬೇಕು. ಮಂಗಳೂರಿನ ಡಾಕ್ಟರು ಬರೆದ ಬ್ರ್ಯಾಂಡ್ ಇಲ್ಲಿಯ ಅಂಗಡಿಯಲ್ಲಿ ಸಿಗದಿದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಬದಲಿ ಬರೆಯಲು ಅದೇ ಆಧಾರ. ಇನ್ಸುಲಿನ್ ಇರುವ ಮನೆಯಲ್ಲಿ ಫ್ರಿಜ್ ಬಗ್ಗೆಯೂ ಕೇಳಿ. ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು, ಆದರೆ ಫ್ರೀಜರಿನ ಹತ್ತಿರ ಇಟ್ಟು ಹೆಪ್ಪುಗಟ್ಟಿದರೆ ಎಸೆಯಬೇಕಾಗುತ್ತದೆ. ಏಪ್ರಿಲ್-ಮೇ ತಿಂಗಳ ಸಿಡಿಲುಮಳೆಗೆ ಕರೆಂಟು ಹೋದಾಗ, ಬಳಕೆಯಲ್ಲಿರುವ ಬಾಟಲಿಯನ್ನು ಒದ್ದೆ ಮರಳಿನಲ್ಲಿ ಕೂರಿಸಿದ ಮಣ್ಣಿನ ಮಡಕೆಯೊಳಗೆ, ನೀರು ತಾಗದಂತೆ, ನೆರಳಿನಲ್ಲಿಡಬಹುದು.

ದಿನದ ಫೋನ್ ವಿಚಾರಣೆಯಲ್ಲಿ "ಜ್ವರ ಇದೆಯಾ?" ಎಂದರೆ ಇಲ್ಲ ಎಂಬುದೇ ಉತ್ತರ, ಆಂಬುಲೆನ್ಸ್ ಅಂಗಳಕ್ಕೆ ಬರುತ್ತದೆ, ನೆರೆಕರೆಯವರು ಮಾತಾಡುತ್ತಾರೆ ಎಂಬ ಹೆದರಿಕೆ. "ಅಕ್ಕ, ಗಂಜಿಗೆ ಉಪ್ಪಿನಕಾಯಿಯ ಪರಿಮಳ ಬಂತಾ? ಅಂಗಳದವರೆಗೆ ಹೋಗಿ ಬಂದರೆ ಏದುಸಿರು ಬರ್ತದಾ?" ಎಂದು ಕೇಳಿದರೆ ನಿಜ ಹೊರಬರುತ್ತದೆ. ತುಳು, ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತಿನವರಿಗೆ ಆ ಮಾತು ಬಲ್ಲವರೇ ಫೋನ್ ಮಾಡಿದರೆ ಇನ್ನೂ ಒಳ್ಳೆಯದು.

ಮನೆಯಲ್ಲೇ ಆರೈಕೆ ಶುರುವಾದ ಮೇಲೆ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಬಂತು. ಐದು ನಿಮಿಷ ಕುಳಿತು, ಉಗುರಿನ ಬಣ್ಣ ತೆಗೆದು, ತಣ್ಣಗಿನ ಕೈ ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ನಿಲ್ಲುವವರೆಗೆ ಒಂದು ನಿಮಿಷ ಕಾಯಬೇಕು. 94ಕ್ಕಿಂತ ಇಳಿದರೆ ತಿಳಿಸಲೇಬೇಕು. ಕೂತಾಗ ಸರಿಯಿದ್ದರೂ ಆರು ನಿಮಿಷ ನಡೆದ ಮೇಲೆ 3ಕ್ಕಿಂತ ಹೆಚ್ಚು ಕುಸಿದರೆ ಆಗಲೂ ತಿಳಿಸಬೇಕು. ಏದುಸಿರು ಇದ್ದರೆ ಅಂಕಿಗಾಗಿ ಕಾಯುವುದೇ ಬೇಡ.

ನಮ್ಮ ಭಾಗದ ಹಲವು ಮನೆಗಳ ಬಾಗಿಲಿಗೆ ಅಂಟಿಸಿದ ಕ್ವಾರಂಟೈನ್ ಚೀಟಿ ಮಲಯಾಳದಲ್ಲಿ ಮಾತ್ರ ಇತ್ತು. ಕನ್ನಡ ಶಾಲೆಯಲ್ಲಿ ಓದಿದ ಅಜ್ಜ-ಅಜ್ಜಿಯರಿಗೆ ಎಷ್ಟು ದಿನ, ಯಾರಿಗೆ ಫೋನ್ ಮಾಡಬೇಕು ಎಂಬುದೇ ತಿಳಿಯಲಿಲ್ಲ. ಕೇರಳದಲ್ಲಿ ಕ್ವಾರಂಟೈನ್ ಮೊದಲು 28 ದಿನವಿದ್ದು ಆಮೇಲೆ 14ಕ್ಕೆ ಇಳಿದಾಗ ಗೊಂದಲ ಇನ್ನೂ ಹೆಚ್ಚಿತು. ಚೀಟಿಯಲ್ಲಿ ದಿನದ ಲೆಕ್ಕ ಬೇಡ, ಮುಗಿಯುವ ತಾರೀಕನ್ನೇ ಬರೆಯಿರಿ. ಕೆಳಗೆ ಆಶಾ ಕಾರ್ಯಕರ್ತೆಯ ನಂಬರ್, ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056, ಮದ್ದು ಮುಗಿಯುವ ದಿನ, ಎಲ್ಲವೂ ಕನ್ನಡದಲ್ಲಿ. ಬರೆದಾದ ಮೇಲೆ ಮನೆಯ ಹಿರಿಯರಿಂದಲೇ ಒಮ್ಮೆ ಓದಿಸಿ. ಕನ್ನಡಕ ಹುಡುಕಬೇಕಾಗಿ ಬಂದರೆ ಹರಿದು ಹಾಕಿ, ಅಕ್ಷರ ದೊಡ್ಡದು ಮಾಡಿ ಮತ್ತೆ ಬರೆಯಿರಿ.