ಮೋರೇರ ಗುಡ್ಡದಾಗ ಅವ್ವನ ಮಾತು

ಗಂಗಾವತಿಯಿಂದ ಕೊಪ್ಪಳದ ರಸ್ತೆ ಹಿಡಿದು ಹತ್ತು ಕಿಲೋಮೀಟರಿನಷ್ಟು ಬಂದರೆ ಹಿರೇಬೆಣಕಲ್. ಕಾಲುವೆ ನೀರುಂಡ ಭತ್ತದ ಗದ್ದೆಗಳು ಹಿಂದುಳಿದು, ಮುಂದೆ ಬಂಡೆಯ ಮೇಲೆ ಬಂಡೆ. ಊರವರ ಬಾಯಲ್ಲಿ ಇದು ಮೋರೇರ ಗುಡ್ಡ. ಮೋರ್ಯರು ಎಂಬ ಕುಳ್ಳ ಜನ ಇಲ್ಲಿ ಕಲ್ಲಿನ ಮನೆ ಕಟ್ಟಿಕೊಂಡಿದ್ದರು ಅನ್ನುವುದು ಹಿರಿಯರ ಮಾತು.

ಹೋಗೋಣ ಎಂದು ಹಟ ಹಿಡಿದವನು ತಮ್ಮ. ಅವ್ವನ ಕಾಯಿಲೆಯ ಕಾಲಕ್ಕೆ ಆಸ್ಪತ್ರೆ, ಮನೆ ಎಂದು ತಿರುಗಿ ನನ್ನ ಮೈ ಸೋತಿತ್ತು. ಆಕೆ ಹೋದ ಮೇಲೆ ಯಾವುದಕ್ಕೂ ಮನಸ್ಸೇ ಏಳುತ್ತಿರಲಿಲ್ಲ. ಹೊಲದಲ್ಲಿ ಮಣ್ಣು ಮಾಡಿದ ಜಾಗದ ಕಡೆ ನಾನು ತಿರುಗಿ ಹೋಗಿರಲಿಲ್ಲ. ಒಬ್ಬರಿಗೊಬ್ಬರು ನೋವಾದೀತೆಂದು ಅಕ್ಕ-ತಮ್ಮ ಇಬ್ಬರೂ ಅವ್ವನ ಹೆಸರೆತ್ತುವುದನ್ನೇ ಬಿಟ್ಟಿದ್ದೆವು.

ದಾರಿ ತೋರಿಸಲು ಬಂದ ಕುರಿಗಾಹಿ ಅಜ್ಜ ಮೊದಲಿಗೇ ಹೇಳಿದ: "ಕರಡಿ ಅದಾವ ಯವ್ವಾ. ಸುಮ್ಮನ ನಡೀಬ್ಯಾಡ್ರಿ, ಮಾತಾಡಕೋತ ನಡೀರಿ."

ಮಾತಾಡುವುದೇನು? ಮಳೆ, ಭತ್ತದ ರೇಟು, ತಮ್ಮನ ಮಗಳ ಶಾಲೆ, ಎಲ್ಲ ಬೇಗ ಮುಗಿದವು. ಜಾಲಿಮುಳ್ಳು ಸೀರೆಯ ಸೆರಗು ಹಿಡಿದೆಳೆಯುತ್ತಿತ್ತು. ಬೋಳುಬಂಡೆಯ ಇಳಿಜಾರಿನಲ್ಲಿ ಚಪ್ಪಲಿ ಕೈಗೆ ತೆಗೆದುಕೊಂಡು, ಇನ್ನೊಂದು ಕೈ ಊರಿ ಹತ್ತಿದೆ. ತೊಡೆ ನಡುಗಿದವು. "ಸಾಕಪ್ಪಾ, ನೀನ ನೋಡ್ಕೊಂಡು ಬಾ" ಎಂದೆ. "ಕುಂದ್ರಬ್ಯಾಡಕ್ಕಾ, ಕುಂತ್ರ ಕಾಲು ಹಿಡೀತಾವ. ಅವ್ವ ಹಿಂಗ ಅಂತಿದ್ಲಲ್ಲ, ಕಳೆ ತಗಿಯೋ ಮುಂದ" ಅಂದ. ಅಂದವನೇ ಗಕ್ಕನೆ ನಿಂತ. ನಾನೂ ನಿಂತೆ. ಮುಂದೆ ಹೋಗಿದ್ದ ಅಜ್ಜ ಮೇಲಿನಿಂದ, "ಮಾತು ಯಾಕ ನಿಂತ್ವು?" ಎಂದು ಕೂಗಿದ.

ಅಲ್ಲಿಂದ ನೆತ್ತಿಯವರೆಗೂ ಅವ್ವನದೇ ಮಾತು. ಆಕೆಯ ಸಿಟ್ಟು, ಆಕೆ ರೊಟ್ಟಿ ಬಡಿಯುವ ಸದ್ದು, ಕೊನೆಯ ತಿಂಗಳಲ್ಲಿ ನೀರು ಕೂಡ ನುಂಗಲಾಗದ್ದು. ಅಳುತ್ತ ಹತ್ತಿದೆ. ಏದುಸಿರು ಯಾವುದು, ಅಳು ಯಾವುದು ಗೊತ್ತಾಗಲಿಲ್ಲ. ಕಾಲು ಮಾತ್ರ ನಿಲ್ಲಲಿಲ್ಲ.

ಮೇಲೆ ಬಂದರೆ ಸತ್ತವರ ಊರು. ಸುಮಾರು 400 ಶಿಲಾ ಸಮಾಧಿಗಳು, ಎರಡು ಸಾವಿರ ವರ್ಷಕ್ಕೂ ಹಿಂದಿನವು. ಮೂರು ಕಡೆ ನಿಂತ ಚಪ್ಪಡಿ, ಮೇಲೊಂದು ಮುಚ್ಚಿಗೆ. ಕೆಲವು ಆಳೆತ್ತರ ಮೀರಿದವು. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದಲ್ಲೇ ಇವುಗಳ ಬಗ್ಗೆ ಬರೆದ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿದವು. ಅಷ್ಟಾದರೂ ನಿಧಿಯಾಸೆಗೆ ಬುಡ ಅಗೆದು ಕೆಡವಿದವು ಎಷ್ಟೋ. ಕಂಡರೆ ಹೊಟ್ಟೆ ಉರಿಯುತ್ತದೆ.

ಒಂದು ಚಪ್ಪಡಿಯ ನಡುವೆ ದುಂಡನೆಯ ಕಿಂಡಿ. ಕೈ ಹಾಕಿದೆ. ಹೊರಗಡೆ ಕಲ್ಲು ಸುಡುತ್ತಿತ್ತು, ಒಳಗೆ ತಣ್ಣಗಿತ್ತು. ಕಿಂಡಿಯ ಅಂಚನ್ನು ಬೆರಳಲ್ಲಿ ಸುತ್ತಿದೆ: ಇಷ್ಟು ಗಟ್ಟಿ ಕಲ್ಲಿನಲ್ಲಿ ಇಷ್ಟು ದುಂಡಗೆ ಕೊರೆಯಲು ಯಾರೋ ದಿನಗಟ್ಟಲೆ ಕೂತಿದ್ದಾರೆ. ಹತ್ತಿರದ ಹೊಂಡದ ಬಳಿ ಬಂಡೆಯ ಪದರು ಎಬ್ಬಿಸಿ, ಒಂದೊಂದು ಚಪ್ಪಡಿಗೆ ಅದೆಷ್ಟು ಜನ ಹೆಗಲು ಕೊಟ್ಟರೋ. ದುಃಖವನ್ನು ಅವರು ಮನೆಯೊಳಗೆ ಮುಚ್ಚಿಟ್ಟುಕೊಂಡು ಕೂರಲಿಲ್ಲ. ಹತ್ತಾರು ಜನ ಕೂಡಿ ಹೊತ್ತರು. ನನಗೆ ಬೇಕಾಗಿದ್ದದ್ದೂ ಅದೇ ಅನ್ನಿಸಿತು.

ಇಳಿಯುವಾಗ ಮಂಡಿ ಕಿರಗುಟ್ಟಿದರೂ ತಮ್ಮನ ಕೈ ಕೇಳಲಿಲ್ಲ. ಗಂಗಾವತಿಗೆ ಬಂದು ವಗ್ಗರಣಿ-ಮಿರ್ಚಿ ತಿನ್ನುವಾಗ ಅವನೇ ತೆಗೆದ: "ಅವ್ವಗ ಕಟ್ಟಿ ಕಟ್ಟಸೂಣೇನಕ್ಕಾ? ಪಾಲಿಶ್ ಗ್ರಾನೈಟು, ಮ್ಯಾಲ ಫೋಟೋ."

"ಗ್ರಾನೈಟು ಬ್ಯಾಡ. ನಮ್ಮ ಹೊಲದ ಬದುವಿನ ಕಲ್ಲ ಹಾಕೂಣು."

"ಅದು ನಾಕು ಮಂದಿಗೆ ಏಳೂದಿಲ್ಲ."

"ಎಂಟು ಮಂದೀನ ಕರಿ. ನಾನೂ ಬರ್ತೀನಿ" ಎಂದೆ. ಅವನು ಒಪ್ಪಲಿಲ್ಲ. ಬಸ್ಸು ಬರುವವರೆಗೂ ಜಗಳ ನಡೆದೇ ಇತ್ತು.